ಐದನೇ ಫಾರಂ

ಜಗಳ ಶುರುವಾದದ್ದು ಒಂದು ದಿಂಬಿನಿಂದ. ಮೂಲೆ ಹರಿದು ಹತ್ತಿ ಇಣುಕುತ್ತಿದ್ದ ಪುಟ್ಟ ದಿಂಬು. ಒಂಬತ್ತು ವರ್ಷದಿಂದ ಅಕ್ಕನ ಮಂಚದ ಮೇಲೆ ಗೋಡೆಯ ಬದಿಗೆ ಬಿದ್ದಿರುತ್ತಿತ್ತು. ಒಂದು ಸೋಮವಾರ ಊಟವಾದ ಮೇಲೆ ತಮ್ಮನ ಮಗಳು ಚಿನಕುರಳಿ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಮ್ಮನ ಕೋಣೆಗೆ ಹೊರಟಳು.

"ಎಲ್ಲಿಗೆ ಸವಾರಿ?" ಅಂದಳು ಅಕ್ಕ.

"ಅಮ್ಮನ ಹತ್ರ, ಅತ್ತೆ. ಇವತ್ತು ಕಥೇಲಿ ಹುಡುಗಿ ಗೋಡೆ ಒಳಗೆ ಹೋಗ್ತಾಳೆ. ಇಲಿಗಳು ಕರ್ಕೊಂಡು ಹೋಗ್ತವೆ."

"ಹೋಗ್ಲಿ. ಕೇಳ್ಕೊಂಡು ಬಾ. ದಿಂಬು ಯಾಕೆ?"

"ಕೇಳ್ತಾ ಕೇಳ್ತಾ ನಿದ್ದೆ ಬಂದ್ಬಿಟ್ರೆ?"

ನಿದ್ದೆ ಬಂದೇ ಬಂತು. ಮಾರನೆಯ ದಿನವೂ ಬಂತು. ಮೂರನೆಯ ದಿನದಿಂದ ದಿಂಬು ಹಿಂದಕ್ಕೆ ಬರುವುದನ್ನೇ ಬಿಟ್ಟಿತು.

ಅಕ್ಕ ಎಲ್ಲರಿಗೂ ಅಕ್ಕ. ಮನೆಯಲ್ಲಿ ತಮ್ಮನಿಗೆ, ಪ್ರೆಸ್ಸಿನಲ್ಲಿ ಮಾಲೀಕರಿಂದ ಹಿಡಿದು ಗೇಟು ಕಾಯುವವನವರೆಗೆ. ವಯಸ್ಸು ನಲವತ್ತೆಂಟು. ಮದುವೆ ಆಗಿರಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳಿ ಕೇಳಿ ನೆಂಟರೇ ಸುಸ್ತಾಗಿ ಸುಮ್ಮನಾಗಿದ್ದರು. ಇಪ್ಪತ್ತಾರು ವರ್ಷದಿಂದ ಆಕೆಯದು ಬೈಂಡಿಂಗ್ ಕೆಲಸ. ತಮ್ಮ ಬಸ್ ಡ್ರೈವರ್. ಮನೆಯಲ್ಲಿ ಹೆಂಗಸರ ದನಿ ಸ್ವಲ್ಪ ಏರಿದರೆ ಸಾಕು, ಅವನಿಗೆ ಡ್ಯೂಟಿ ನೆನಪಾಗುತ್ತಿತ್ತು. ತಮ್ಮನ ಹೆಂಡತಿ ಆಸ್ಪತ್ರೆಯ ಕಿಟಕಿಯ ಹಿಂದೆ ಕುಳಿತು ರೋಗಿಗಳಿಗೆ ಚೀಟಿ ಬರೆಯುವವಳು. ಹೆರಿಗೆಯಾಗಿ ಮೂರು ತಿಂಗಳಿಗೇ ಅವಳು ಪಾಳಿಗೆ ಮರಳಬೇಕಾಯಿತು. ಹಗಲು ಮಗುವನ್ನು ಅಜ್ಜಿ ನೋಡಿಕೊಂಡಳು. ಸ್ನಾನ, ತಲೆ ಬಾಚುವುದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ, ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು, ಇಷ್ಟೂ ಅಕ್ಕನ ಪಾಲಿಗೆ ಬಂತು. ಬಾಯಿ ಬಿಟ್ಟರೆ ನಿಲ್ಲಿಸದ ಆ ಹುಡುಗಿಗೆ ಚಿನಕುರಳಿ ಎಂದು ಹೆಸರಿಟ್ಟದ್ದು ಅಜ್ಜಿಯಾದರೂ, ಆ ಮಾತನ್ನೆಲ್ಲ ಕೇಳಿಸಿಕೊಂಡದ್ದು ಅಕ್ಕನೇ.

ತಮ್ಮನ ಹೆಂಡತಿ ಎರಡು ವರ್ಷದಿಂದ ಹಾಳಾದ ಚೀಟಿಗಳ ಬೆನ್ನ ಮೇಲೆ ಏನೋ ಗೀಚುತ್ತಿದ್ದಳು. ಇಲಿಗಳ ಕಥೆಯಂತೆ. ಅಕ್ಕ ಮೂಗು ಮುರಿದು ಸುಮ್ಮನಿದ್ದಳು. ಆದರೆ ಆ ಚೀಟಿಗಳೆಲ್ಲ ಸೇರಿ ಮಕ್ಕಳ ಕಾದಂಬರಿಯಾಗಿ, ಅಕ್ಕ ದುಡಿಯುವ ಪ್ರೆಸ್ಸಿನ ಮಾಲೀಕರೇ ಅದನ್ನು ಅಚ್ಚು ಹಾಕಿಸುತ್ತೇನೆ ಎಂದಾಗ ಅವಳಿಗೆ ಮೂಗು ಮುರಿಯುವುದೂ ಆಗಲಿಲ್ಲ. ತಮ್ಮನ ಹೆಂಡತಿ ಈಗ ಆ ಕಥೆಯನ್ನು ತಿದ್ದುವ ನೆಪದಲ್ಲಿ ಮಗಳಿಗೆ ಓದಿ ಹೇಳುತ್ತಿದ್ದಳು. ದಿಂಬು ಹೋದದ್ದು ಹಾಗೆ.

ಊಟಕ್ಕೆ ಕೂತರೆ ಅದೇ ಪುರಾಣ.

"ಅತ್ತೆ, ಆ ಇಲಿಗಳು ಅಕ್ಷರ ತಿನ್ನತ್ವೆ ಗೊತ್ತಾ? 'ಮಳೆ' ಅನ್ನೋ ಪದ ತಿಂದ್ರೆ ಮೀಸೆಯಿಂದ ಮಳೆ ಬರತ್ತೆ. 'ಏಣಿ' ತಿಂದ್ರೆ ಬಾಲ ಏಣಿ ಆಗತ್ತೆ!"

"ನಮ್ಮನೆ ಇಲಿ ಸೋಪು ತಿನ್ನತ್ತೆ. ಏನೂ ಆಗಲ್ಲ," ಅಂದಳು ಅಜ್ಜಿ.

ಎಲ್ಲರೂ ನಕ್ಕರು. ಅಕ್ಕ ಬೇಳೆಯ ಪಾತ್ರೆಯನ್ನು ಕುಕ್ಕಿದಳು. "ಅನ್ನ ತಿನ್ನು ಮೊದ್ಲು. ಅಕ್ಷರ ಆಮೇಲೆ ತಿನ್ನುವಿಯಂತೆ."

"ಅತ್ತಿಗೆ, ಬೈಬೇಡಿ, ತಿಂತಾಳೆ," ಎಂದಳು ತಮ್ಮನ ಹೆಂಡತಿ.

"ಬೈದೆನಾ ನಾನು? ಒಂಬತ್ತು ವರ್ಷ ತಿನ್ನಿಸಿದ್ದೀನಿ, ತಿನ್ನು ಅನ್ನೋದಕ್ಕೂ ಈಗ ನಿನ್ನ ಅಪ್ಪಣೆ ಬೇಕಾ?"

ತಮ್ಮ ಗಡಿಯಾರ ನೋಡಿ ಕೈ ತೊಳೆಯಲು ಎದ್ದ.

ಅದಕ್ಕೆ ಸರಿಯಾಗಿ ಇನ್ನೊಂದು ಕಿರಿಕಿರಿ. ಶಾಲೆಗೆ ಒಂದೇ ಜಡೆ ಹಾಕಿಸಿಕೊಂಡು ಹೋಗುತ್ತಿದ್ದವಳು ಒಂದು ಬೆಳಿಗ್ಗೆ, "ಎರಡು ಜಡೆ ಹಾಕು ಅತ್ತೆ," ಎಂದಳು.

"ಯಾಕೆ? ಯಾರು ಹೇಳಿದ್ದು?"

"ಯಾರೂ ಇಲ್ಲ. ಹಾಕು."

ಇದೂ ಆ ಕಥೆಯ ಹುಡುಗಿಯದೇ ಮಾಟ ಎಂದು ಅಕ್ಕನಿಗೆ ಖಾತ್ರಿಯಾಯಿತು. ಎರಡು ಜಡೆ ಹಾಕಿದಳು, ಆದರೆ ಬಿಗಿಯಾಗಿ. ಚಿನಕುರಳಿ 'ಸ್ಸ್' ಎಂದರೂ ಸಡಿಲಿಸಲಿಲ್ಲ.

ಅದೇ ತಿಂಗಳ ಕೊನೆಯಲ್ಲಿ ಪುಸ್ತಕ ಅಚ್ಚಾಗಿ ಬೈಂಡಿಂಗ್ ಕೋಣೆಗೆ ಬಂತು. ದೊಡ್ಡ ಹಾಳೆಯ ಎರಡೂ ಮಗ್ಗುಲಿಗೆ ಒಟ್ಟು ಹದಿನಾರು ಪುಟ ಅಚ್ಚಾಗಿರುತ್ತದೆ; ಕೆಲವು ನೆಟ್ಟಗೆ, ಕೆಲವು ತಲೆಕೆಳಗೆ. ಅದನ್ನು ಮೂರು ಸಲ ಮಡಚಿದರೆ ಪುಟಗಳು ಸಾಲಾಗಿ ಕೂತು ಒಂದು ಫಾರಂ ಆಗುತ್ತದೆ. ಈ ಪುಸ್ತಕಕ್ಕೆ ಒಂಬತ್ತು ಫಾರಂ, ಐನೂರು ಪ್ರತಿ. ಮಡಚುವ ಹೆಂಗಸರಿಗೆ ಫಾರಂ ಹಂಚಿಕೊಡುವುದು ಅಕ್ಕನ ಅಧಿಕಾರ. ಐದನೆಯದನ್ನು ತನ್ನ ಮೇಜಿಗೆ ಹಾಕಿಕೊಂಡಳು. ಆರನೆಯದು ಕಿಟಕಿಯ ಪಕ್ಕದ ಕನ್ನಡಕದವಳ ಪಾಲಿಗೆ ಹೋಯಿತು.

"ಏನಕ್ಕಾ, ಮನೆ ಪುಸ್ತಕ! ಇನ್ನು ನಮ್ಮನ್ನೆಲ್ಲ ಮಾತಾಡಿಸ್ತೀರೋ ಇಲ್ವೋ?" ಎಂದು ಕನ್ನಡಕದವಳು ಕಾಲೆಳೆದಳು.

"ನಾನೇನು ಬರೆದಿದ್ದೀನಾ? ಮಡಚೋಳು ನಾನು. ನೀನೂ ಮಡಚು."

ಮಡಚುವಾಗ ಓದುವುದು ಅಕ್ಕನ ಅಭ್ಯಾಸವಲ್ಲ. ಓದುತ್ತ ಕೂತರೆ ಕೆಲಸ ಕೆಡುತ್ತದೆ. ಆದರೆ ಇವತ್ತು ಮೊದಲ ಫಾರಂ ಮಡಚಿ, ಮರದ ಪಟ್ಟಿಯಿಂದ ಅಂಚು ಉಜ್ಜಿದವಳು ಅದನ್ನು ಬಿಡಿಸಿ ನೋಡಿದಳು.

'ಗೋಡೆಯ ಕೊನೆಯ ಮನೆಯಲ್ಲಿ ಒಂದು ಹೆಗ್ಗಣ ಇತ್ತು. ಅದರ ಕೈಗೆ ಯಾವಾಗಲೂ ಗೋಂದಿನ ವಾಸನೆ. ಸಿಕ್ಕಿದ್ದನ್ನು ಅದು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹುಡುಗಿ ಸಿಕ್ಕಿದ ಕೂಡಲೇ ಅವಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಸಿ, ಮುಚ್ಚಳದ ಮೇಲೆ ತಾನೇ ಕುಳಿತುಬಿಟ್ಟಿತು. ನಿನ್ನ ಅಮ್ಮನ ಹತ್ತಿರ ನೀನು ಹೋಗುವ ಹಾಗಿಲ್ಲ, ನೀನು ನನ್ನವಳು ಎಂದಿತು.'

ಅಕ್ಕ ಇನ್ನೊಮ್ಮೆ ಓದಿದಳು. ತನ್ನ ಬಲಗೈಯನ್ನು ಮೂಗಿಗೆ ಹಿಡಿದು ನೋಡಿಕೊಂಡಳು. ಗೋಂದೇ. ಹದಿನಾರು ಪುಟದ ತುಂಬ ಹೆಗ್ಗಣ ಪೆಟ್ಟಿಗೆಯ ಮೇಲೆ ಕೂತೇ ಇತ್ತು. ಕೊನೆಯ ಸಾಲಿನಲ್ಲಿ ಹುಡುಗಿ ಒಳಗಿನಿಂದ ಅಮ್ಮಾ ಎಂದು ಕೂಗುತ್ತಿದ್ದಳು. ಮುಂದೇನಾಯಿತು ಎಂದು ನೋಡಲು ಕಿಟಕಿಯವರೆಗೆ ಎಂಟು ಹೆಜ್ಜೆ. ಅಕ್ಕ ಏಳಲಿಲ್ಲ. ಅಷ್ಟು ಸಿಟ್ಟು ಬಂದಿದ್ದವಳಿಗೆ ಮುಂದಿನ ಪುಟ ಯಾಕೆ ಬೇಕು?

ಅವಳಿಗೆ ಉಳಿದದ್ದು ಇನ್ನೂ ನಾಲ್ಕುನೂರ ತೊಂಬತ್ತೊಂಬತ್ತು ಫಾರಂ. ಮುಂದಿನ ಮೂರು ದಿನ ಅವಳು ತನ್ನ ಮರ್ಯಾದೆಯನ್ನೇ ಮಡಚಿ ಮಡಚಿ ರಾಶಿ ಹಾಕಿದಳು. ಮನೆಗೆ ಬಂದು ನಿಂಬೆಹಣ್ಣಿನ ಸಿಪ್ಪೆಯಿಂದ ಕೈ ತಿಕ್ಕಿದ್ದೇ ತಿಕ್ಕಿದ್ದು.

"ಅಮ್ಮಾ, ನನ್ನ ಕೈ ವಾಸನೆ ಬರತ್ತಾ?"

"ಬರತ್ತೆ," ಅಂದಳು ಅಜ್ಜಿ ಬಟಾಣಿ ಸುಲಿಯುತ್ತ. "ಇಪ್ಪತ್ತಾರು ವರ್ಷದಿಂದ ಬರತ್ತೆ. ಇವತ್ತೇನು ಹೊಸದಾಗಿ?"

ಫಾರಂಗಳನ್ನು ಜೋಡಿಸುವ ದಿನ ಬಂತು. ಒಂಬತ್ತು ರಾಶಿಗಳನ್ನು ಉದ್ದ ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದರಿಂದ ಒಂದೊಂದು ಎತ್ತಿಕೊಳ್ಳುತ್ತ ನಡೆದರೆ ಒಂದು ಪುಸ್ತಕ. ಪ್ರತಿ ಫಾರಂನ ಬೆನ್ನಿಗೂ ಒಂದು ಕರಿ ಗುರುತು ಅಚ್ಚಾಗಿರುತ್ತದೆ. ಎಲ್ಲ ಸೇರಿದರೆ ಆ ಗುರುತುಗಳು ಮೆಟ್ಟಿಲಿನ ಹಾಗೆ ಇಳಿದು ಬರುತ್ತವೆ. ಒಂದು ಫಾರಂ ತಪ್ಪಿದರೂ ಮೆಟ್ಟಿಲು ಮುರಿದು ಕಣ್ಣಿಗೆ ಹೊಡೆಯುತ್ತದೆ. ಅಕ್ಕನ ಮೇಜಿನಿಂದ ಮುರಿದ ಮೆಟ್ಟಿಲಿನ ಪುಸ್ತಕ ಒಂದೂ ಹೊರಗೆ ಹೋಗಿರಲಿಲ್ಲ. ಈ ಮಾತನ್ನು ಅವಳು ಮನೆಯಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, ಅವಳು ಬಾಯಿ ತೆರೆಯುವ ಮೊದಲೇ ತಮ್ಮ ಅದನ್ನು ಮುಗಿಸುತ್ತಿದ್ದ; ಹದಿನಾರು ಪುಟಕ್ಕೊಂದು ಫಾರಂ ಎಂಬ ಲೆಕ್ಕ ಚಿನಕುರಳಿಗೂ ಗೊತ್ತಿತ್ತು.

ಐದನೆಯ ರಾಶಿಯನ್ನೇ ಎತ್ತಿ ರದ್ದಿಗೆ ಎಸೆಯೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಕೈ ಬರಲಿಲ್ಲ. ಊರವರೆಲ್ಲ ಓದಿಕೊಳ್ಳಲಿ, ಅವರಿಗೆ ಹೆಗ್ಗಣ ಯಾರೆಂದು ಏನು ಗೊತ್ತು? ಆದರೆ ಆ ಮಗು? ಕೇಳಿದ್ದನ್ನು ಮರೆತೀತು. ಅಚ್ಚಾದದ್ದು ಹಾಗಲ್ಲ, ನಾಳೆ ಓದುತ್ತದೆ, ಹತ್ತು ವರ್ಷ ಬಿಟ್ಟು ಓದುತ್ತದೆ, ಅಷ್ಟು ಸಲವೂ ಅತ್ತೆ ಪೆಟ್ಟಿಗೆಯ ಮೇಲೆ ಕೂತಿರುತ್ತಾಳೆ.

ಮನೆಗೆಂದು ತೆಗೆದಿಟ್ಟ ಪ್ರತಿಯನ್ನು ಅಕ್ಕ ತಾನೇ ಜೋಡಿಸಿದಳು. ನಾಲ್ಕನೆಯದಾದ ಮೇಲೆ ಆರನೆಯದನ್ನು ಎತ್ತಿಕೊಂಡಳು. ತಾನೇ ಹೊಲಿದಳು, ತಾನೇ ರಟ್ಟು ಅಂಟಿಸಿದಳು. ಮುರಿದ ಮೆಟ್ಟಿಲು ರಟ್ಟಿನ ಕೆಳಗೆ ಮುಚ್ಚಿಹೋಯಿತು. ಬಿಟ್ಟ ಫಾರಂ ಕೈಚೀಲಕ್ಕೆ ಬಂತು. ಅಚ್ಚಾದ ಹಾಳೆಯನ್ನು ಹರಿಯುವುದು ಅವಳಿಂದ ಆಗದ ಕೆಲಸ. ಮನೆಗೆ ತಂದು ಬಟ್ಟೆಯ ಪೆಟ್ಟಿಗೆಯ ತಳಕ್ಕೆ ತುರುಕಿದಳು.

ಪುಸ್ತಕ ಮನೆಗೆ ಬಂದ ದಿನ ತಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದು ಸ್ಟಿಯರಿಂಗ್ ತಿರುಗಿಸಿದಂತೆ ತಿರುಗಿಸಿ ತಿರುಗಿಸಿ ನೋಡಿದ. ತಮ್ಮನ ಹೆಂಡತಿಯ ಕಣ್ಣು ತುಂಬಿತು. "ನಿಮ್ಮ ಕೈಯಿಂದಲೇ ಆಯ್ತಲ್ಲ ಅತ್ತಿಗೆ, ಅದೇ ಸಂತೋಷ," ಎಂದಳು. ಅಕ್ಕ, "ಕೆಲಸ ಅದು. ಸಂಬಳ ಕೊಡ್ತಾರೆ," ಎಂದು ಮೊಟ್ಟೆ ಬೇಯಿಸಲು ಹೋದಳು. ಚಿನಕುರಳಿ ಪುಸ್ತಕವನ್ನು ಎದೆಗವಚಿಕೊಂಡು, "ನಾನೇ ಓದ್ಕೋತೀನಿ. ಯಾರೂ ಓದಿ ಹೇಳ್ಬೇಡಿ," ಎಂದು ಘೋಷಿಸಿದಳು.

ಮುಂದಿನ ಎರಡು ವಾರ ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಅರುವತ್ತನಾಲ್ಕನೆಯ ಪುಟ ತಿರುಗಿಸಿದರೆ ಎಂಬತ್ತೊಂದು ಬರುತ್ತದೆ. ಹುಡುಗಿ ಕಿರುಚಿಯೇ ಕಿರುಚುತ್ತಾಳೆ ಎಂದುಕೊಂಡಿದ್ದಳು. ಕಿರುಚಲಿಲ್ಲ. ಪುಸ್ತಕ ಶಾಲೆಯ ಚೀಲದಲ್ಲಿ ಹೋಗುತ್ತಿತ್ತು, ಚೀಲದಲ್ಲಿ ಬರುತ್ತಿತ್ತು. ಒಂದು ಸಂಜೆ ಹತ್ತಿರ ಬಂದು, "ಅತ್ತೆ, ನಿನ್ನ ಗೋಂದು ಸ್ವಲ್ಪ ಕೊಡ್ತೀಯಾ? ಕೆಲಸ ಇದೆ," ಎಂದು ಕೇಳಿದಳು. ಅಷ್ಟು ದಿನಕ್ಕೆ ಒಂದು ಸಲ ತನ್ನನ್ನು ಕೇಳಿದಳಲ್ಲ ಎಂದು ಅಕ್ಕನಿಗೆ ಹಿಗ್ಗೋ ಹಿಗ್ಗು, ಬಾಟಲಿಯನ್ನೇ ಕೊಟ್ಟುಬಿಟ್ಟಳು. ಆದರೆ ದಿಂಬು ಮಾತ್ರ ಇನ್ನೂ ಅಮ್ಮನ ಕೋಣೆಯಲ್ಲೇ ಇತ್ತು.

ಗುಟ್ಟು ರಟ್ಟಾದದ್ದು ಈರುಳ್ಳಿಯಿಂದ. ಅಜ್ಜಿಗೆ ಹಳೆಯ ಕಾಗದ ಸುಮ್ಮನೆ ಬಿದ್ದಿದ್ದರೆ ಕೈ ತುರಿಸುತ್ತದೆ. ಬಿಸಿಲಿಗೆ ಹಾಕಲೆಂದು ಅಕ್ಕನ ಪೆಟ್ಟಿಗೆಯಿಂದ ಬಟ್ಟೆ ತೆಗೆದವಳು ತಳದಲ್ಲಿದ್ದ ಫಾರಂ ಎತ್ತಿಕೊಂಡು, ಬಿಡಿಸಿ, ಈರುಳ್ಳಿ ಬುಟ್ಟಿಗೆ ಹಾಸಿಬಿಟ್ಟಳು. ಭಾನುವಾರ ಹನ್ನೊಂದು ಗಂಟೆಗೆ ತಮ್ಮನ ಹೆಂಡತಿ ಈರುಳ್ಳಿ ತೆಗೆಯಲು ಕೈ ಹಾಕಿದಾಗ, ಸಿಪ್ಪೆಯ ಕೆಳಗೆ ಅವಳದೇ ಸಾಲು ಅವಳನ್ನು ನೋಡುತ್ತಿತ್ತು.

ಅವಳು ಹಾಳೆಯನ್ನು ಕೊಡವಿಕೊಂಡು ಅಕ್ಕನ ಮುಂದೆ ಬಂದು ನಿಂತಳು.

"ಇದು ಎಲ್ಲಿಂದ ಬಂತು ಅತ್ತಿಗೆ?"

"ಪ್ರೆಸ್ಸಲ್ಲಿ ಹೆಚ್ಚು ಬಂದದ್ದು. ರದ್ದಿ."

"ಮಗಳ ಪುಸ್ತಕದಲ್ಲಿ ಇದು ಇದೆ ತಾನೆ?"

ಅಕ್ಕ ಈರುಳ್ಳಿ ಬುಟ್ಟಿಯನ್ನು ಆಚೆಗೆ ಸರಿಸಲು ಬಗ್ಗಿದಳು.

"ಇದೆಯಾ ಇಲ್ವಾ?"

"ತಪ್ಪಿರಬಹುದು. ಐನೂರು ಪ್ರತಿಲಿ ಒಂದು ತಪ್ಪತ್ತೆ."

"ನಿಮ್ಮ ಕೈಲಿ? ಇಪ್ಪತ್ತಾರು ವರ್ಷದಲ್ಲಿ ಒಂದೂ ತಪ್ಪಿಲ್ಲ ಅಂತ ಗೋಡೆಗೂ ಬಾಯಿಪಾಠ ಆಗಿದೆ! ನಮ್ಮ ಮನೆ ಪುಸ್ತಕದಲ್ಲೇ ತಪ್ಪಿತಾ?"

ತಮ್ಮ ಟೋಪಿ ಹುಡುಕತೊಡಗಿದ. "ಇವತ್ತು ನಿನಗೆ ರಜ ಕಣೋ, ಕೂತ್ಕೋ," ಎಂದು ಅಜ್ಜಿ ಗದರಿದಳು. ಆದರೂ ಅವನು ಹೋದ.

ಅಕ್ಕನ ತಾಳ್ಮೆ ತಪ್ಪಿತು. "ಹೌದು, ತೆಗೆದೆ! ಏನೀಗ? ನನ್ನನ್ನ ಹೆಗ್ಗಣ ಮಾಡಿ ಬರೀತೀಯ, ಅದನ್ನ ನಾನೇ ಮಡಚಿ, ನಾನೇ ಹೊಲಿದು, ಆ ಮಗು ಕೈಗೆ ಕೊಡ್ಬೇಕಾ? ನಾನು ಅವಳನ್ನ ಕೂಡಿಹಾಕಿದ್ನಾ? ನೀನು ಪಾಳಿಗೆ ಹೋದಾಗ ಎತ್ಕೊಂಡೋಳು ಯಾರು? ಗೋಂದಿನ ವಾಸನೆಯಂತೆ! ಈ ಗೋಂದಿನ ಕೈಯೇ ಅವಳ ಮೂಗು ಒರೆಸಿದ್ದು!"

ತಮ್ಮನ ಹೆಂಡತಿ 'ಅಲ್ಲ' ಎನ್ನುತ್ತಾಳೆ, ಅದು ನೀವಲ್ಲ, ಬರೀ ಕಥೆ ಎನ್ನುತ್ತಾಳೆ ಎಂದು ಅಕ್ಕ ಕಾದಳು. ಅವಳು ಹಾಗೆನ್ನಲಿಲ್ಲ.

"ನಿಮ್ಮನ್ನೇ ಬರೆದದ್ದು," ಎಂದಳು. "ಸುಳ್ಳು ಯಾಕೆ ಹೇಳಲಿ? ಪಾಳಿ ಮುಗಿಸಿ ಬಂದ್ರೆ ಅವಳು ನಿಮ್ಮ ಮಗ್ಗುಲಲ್ಲಿ ನಿದ್ದೆ ಹೋಗಿರ್ತಿದ್ಲು. ಎತ್ತಿಕೊಂಡ್ರೆ ಅತ್ತೇ ಅಂತ ಅಳ್ತಿದ್ಲು. ಅಮ್ಮ ಅಂತ ಅಲ್ಲ ಅತ್ತಿಗೆ, ಅತ್ತೇ ಅಂತ. ಒಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ. ನನಗೆ ಹೊಟ್ಟೆ ಉರಿಯಲ್ವಾ? ಉರೀತು, ಬರೆದೆ."

ತನ್ನೊಳಗೆ ಉರಿಯುತ್ತಿದ್ದದ್ದು ಇವಳೊಳಗೂ ಉರಿಯುತ್ತಿತ್ತು. ಅದೂ ತನಗಿಂತ ಒಂಬತ್ತು ವರ್ಷ ಮೊದಲಿನಿಂದ. ಅದು ಅಕ್ಕನಿಗೆ ಹೊಳೆದೇ ಇರಲಿಲ್ಲ.

"ಆರನೇ ಫಾರಂ ಓದಿದ್ರಾ?" ಎಂದಳು ತಮ್ಮನ ಹೆಂಡತಿ.

"ಅದು ಕನ್ನಡಕದವಳ ಪಾಲು."

"ಅಯ್ಯೋ ದೇವರೇ! ಆರನೇದು ನಾನು ಬರೆದದ್ದೇ ಅಲ್ಲ. ಅವಳು ಬರೆಸಿದ್ದು. ಹೆಗ್ಗಣ ಕೆಟ್ಟದ್ದಾದ್ರೆ ನಾನು ಮಲಗಲ್ಲ ಅಂತ ಎದ್ದು ಕೂತ್ಲು. ಮೂರು ದಿನ ಹಟ. ಕೊನೆಗೆ ಬೆಕ್ಕು ಬಂದಾಗ ಹೆಗ್ಗಣವೇ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲತ್ತೆ. ಇಲಿಗಳೆಲ್ಲ ಓಡಿಹೋಗತ್ವೆ, ಅದು ಓಡಲ್ಲ. ಪೆಟ್ಟಿಗೇಲಿ ಇಟ್ಟಿದ್ದೇ ಬೆಕ್ಕಿನಿಂದ ಬಚ್ಚಿಡೋಕೆ ಅಂತ ಗೊತ್ತಾಗತ್ತೆ. ಬರೆಯೋವಾಗ ನನಗೆ ಇನ್ನೂ ಹೊಟ್ಟೆ ಉರೀತು, ಗೊತ್ತಾ?"

ಅಕ್ಕ ಮುಖ ತಿರುಗಿಸಿಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಜ್ಜಿ, "ಇಬ್ಬರೂ ಅತ್ತಾಯ್ತಾ? ಈರುಳ್ಳಿ ಯಾರು ಹೆಚ್ಚೋರು?" ಎಂದಳು.

ಹೆಚ್ಚಿದ್ದು ಇಬ್ಬರೂ. ಹೆಚ್ಚುತ್ತಲೇ ತೀರ್ಮಾನವಾಯಿತು. ಪುಸ್ತಕ ಬಿಚ್ಚಿ ಐದನೇ ಫಾರಂ ಸೇರಿಸಿ ಮತ್ತೆ ಹೊಲಿಯುವುದು. ಮಧ್ಯಾಹ್ನದ ಊಟವಾದ ಮೇಲೆ ಅಕ್ಕ ಸೂಜಿ, ಮೇಣ ಸವರಿದ ದಾರ, ಚಾಕು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಈರುಳ್ಳಿ ವಾಸನೆಯ ಹಾಳೆಯನ್ನು ಮತ್ತೆ ಮೂರು ಸಲ ಮಡಚಿ ಅಂಚು ಉಜ್ಜಿದಳು. ಚಿನಕುರಳಿ ಹೊರಗೆ ಆಡುತ್ತಿದ್ದಳು. ತಮ್ಮನ ಹೆಂಡತಿ ಶಾಲೆಯ ಚೀಲದಿಂದ ಪುಸ್ತಕ ತಂದಳು.

ಅಕ್ಕ ಅರುವತ್ತನಾಲ್ಕನೆಯ ಪುಟ ತೆರೆದಳು. ಅಲ್ಲಿ ಖಾಲಿ ಇರಲಿಲ್ಲ. ಗೆರೆಯ ನೋಟ್‌ಬುಕ್ಕಿನ ನಾಲ್ಕು ಹಾಳೆಗಳನ್ನು ಧಾರಾಳ ಗೋಂದು ಬಳಿದು ಅಂಟಿಸಲಾಗಿತ್ತು. ಮೇಲೆ ಪೆನ್ಸಿಲಿನಲ್ಲಿ ಗುಂಡು ಗುಂಡಾಗಿ, 'ಐದನೇ ಫಾರಂ ಇಲ್ಲ. ಆದ್ದರಿಂದ ನಾನೇ ಬರೆದಿದ್ದೇನೆ' ಎಂದಿತ್ತು.

ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು.

'ಹುಡುಗಿ ಪೆಟ್ಟಿಗೆಯಲ್ಲಿ ಇರಲಿಲ್ಲ. ಅವಳು ಗೋಡೆಯಿಂದ ಆಚೆ ಬಂದು ಮರ ಹತ್ತಿದಳು. ಅಲ್ಲಿ ಒಂದು ಅಳಿಲು ಇತ್ತು. ಅಳಿಲಿಗೆ ಎರಡು ಜಡೆ ಇತ್ತು. ಮುಂದಿನ ಒಂದು ಹಲ್ಲು ಇರಲಿಲ್ಲ. ಅಳಿಲು ಎಲ್ಲರಿಗಿಂತ ಚೆನ್ನಾಗಿ ನಗಿಸುತ್ತಿತ್ತು. ಕೆಳಗಿನಿಂದ ಇಲಿ ಕರೆಯಿತು. ಹೆಗ್ಗಣ ಕರೆಯಿತು. ಹುಡುಗಿ ಆಮೇಲೆ ಬರ್ತೀನಿ ಎಂದಳು. ಅವಳು ತನ್ನ ಗುಟ್ಟೆಲ್ಲ ಅಳಿಲಿಗೆ ಹೇಳಿದಳು. ಇಲಿಗೆ ಹೇಳಲಿಲ್ಲ. ಹೆಗ್ಗಣಕ್ಕೂ ಹೇಳಲಿಲ್ಲ.'

ಅಕ್ಕ ಹಾಳೆ ತಿರುವಿ ಮತ್ತೆ ಮೊದಲ ಸಾಲಿಗೆ ಬಂದಳು.

"ಈ ಅಳಿಲು ಯಾರೇ?" ಎಂದಳು ಅಕ್ಕ.

"ನನಗೇನು ಗೊತ್ತು ಅತ್ತಿಗೆ? ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ."

"ಎರಡು ಜಡೆ..." ಎಂದು ಅಕ್ಕ ಅಲ್ಲೇ ನಿಂತಳು. ಇಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ಬಿಗಿದು ಹೆಣೆದದ್ದು ಯಾರ ಜಡೆ ಎಂದು ಈಗ ತಿಳಿಯಿತು.

ಅಷ್ಟರಲ್ಲಿ ಚಿನಕುರಳಿ ಏದುಸಿರು ಬಿಡುತ್ತ ಒಳಗೆ ಬಂದಳು. ಹಿಂದೆ ಬಾಗಿಲಲ್ಲಿ ಇನ್ನೊಂದು ಹುಡುಗಿ. ಎರಡು ಜಡೆ, ನಕ್ಕರೆ ಹಲ್ಲಿನ ಸಾಲಿನಲ್ಲಿ ಒಂದು ಕಿಂಡಿ. "ಅಮ್ಮಾ, ಅತ್ತೇ, ನಾನು ಇವಳ ಮನೆಗೆ ಹೋಗ್ಬರ್ತೀನಿ. ಸಂಜೆವರೆಗೂ. ಅಯ್ಯೋ, ಅದ್ಯಾಕೆ ತೆಗೆದ್ರಿ?"

"ನಿನ್ನ ಪುಸ್ತಕದಲ್ಲಿ ಹಾಳೆ ತಪ್ಪಿತ್ತು," ಎಂದಳು ಅಕ್ಕ. "ನಾನೇ ತಪ್ಪಿಸಿದ್ದು. ಸೇರಿಸಿ ಹೊಲೀತೀನಿ."

"ಬೇಡ. ಅದರಲ್ಲಿ ಏನಿದೆ ಅಂತ ಅಮ್ಮ ಓದಿ ಹೇಳಿದಾಳೆ. ನನ್ನದೇ ಇರಲಿ. ಆದರೆ ಗೋಂದು ಬಿಟ್ಕೋತಾ ಇದೆ ಅತ್ತೆ, ಗಟ್ಟಿ ಮಾಡ್ಕೊಡು." ಇಷ್ಟು ಹೇಳಿ ಅಳಿಲಿನ ಕೈ ಹಿಡಿದು ಓಡಿಯೇಬಿಟ್ಟಳು.

"ಬೇಡ ಅಂದ್ಳಾ? ಹಾಗಾದ್ರೆ ಅದನ್ನ ಈರುಳ್ಳಿ ಬುಟ್ಟಿಗೆ ಕೊಡಿ ಇತ್ತ," ಎಂದು ಅಜ್ಜಿ ಕೈ ಚಾಚಿದಳು.

ಅಕ್ಕ ಐದನೇ ಫಾರಂ ಅಜ್ಜಿಗೆ ಕೊಟ್ಟಳು. ನೋಟ್‌ಬುಕ್ಕಿನ ಹಾಳೆಗಳನ್ನು ಜೋಪಾನವಾಗಿ ಬಿಡಿಸಿ, ಬೆನ್ನಿಗೆ ತೆಳ್ಳನೆಯ ಕಾಗದದ ಪಟ್ಟಿ ಕೊಟ್ಟು, ನಾಲ್ಕನೆಯ ಮತ್ತು ಆರನೆಯ ಫಾರಂನ ನಡುವೆ ಇಟ್ಟಳು. ಪುಸ್ತಕ ಅಲುಗಾಡದಂತೆ ತಮ್ಮನ ಹೆಂಡತಿ ಎರಡೂ ಕೈಯಿಂದ ಒತ್ತಿ ಹಿಡಿದಳು. ಹಿಡಿದವಳ ಕಣ್ಣು ಕಿಟಕಿಯ ಆಚೆಗಿತ್ತು.

"ನೋಡಿ ಅತ್ತಿಗೆ, ಹೆಗಲ ಮೇಲೆ ಕೈ ಬೇರೆ ಹಾಕಿದಾಳೆ."

"ನಾನು ನೋಡಲ್ಲ," ಎಂದಳು ಅಕ್ಕ, ಕತ್ತು ಉದ್ದ ಮಾಡಿ ನೋಡುತ್ತ. ಎರಡೂ ಹುಡುಗಿಯರು ಬೀದಿಯ ತಿರುವು ದಾಟುವವರೆಗೆ ನೋಡಿದಳು. ಆಮೇಲೆ ದಾರಕ್ಕೆ ಗಂಟು ಹಾಕಿ, ಅಳಿಲಿನ ಬೆನ್ನಿಗೆ ಸೂಜಿ ಚುಚ್ಚಿದಳು. ಹೊಟ್ಟೆ ಧಗಧಗ ಉರಿಯುತ್ತಿತ್ತು. ಹೊಲಿಗೆ ಮಾತ್ರ ನೇರವಾಗಿ ಬಂತು.